ಟ್ಯಾಬ್ಲೆಟ್‌ನಲ್ಲಿ ವೈಫೈ ಬಟನ್ನೇ ಮಾಯ: ಬೋರ್ಡ್ ಬದಲಿಸುವ ಮೊದಲು ಇಷ್ಟು ನೋಡಿ

ಓದುಗರ ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ದಾವಣಗೆರೆಯ ವಿದ್ಯಾನಗರದಲ್ಲಿ ಮನೆ. ಕೀಬೋರ್ಡ್ ಬಿಚ್ಚಿ ಹಾಕುವಂಥ ವಿಂಡೋಸ್ ಟ್ಯಾಬ್ಲೆಟ್ ಇದೆ. ತಗೊಂಡು ನಾಲ್ಕು ವರ್ಷ ಆಯಿತು. ಸಂಜೆ ಅದರಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತೇನೆ. ಹೋದ ಭಾನುವಾರ ಮದುವೆಗೆಂದು ಚಿತ್ರದುರ್ಗಕ್ಕೆ ಹೋಗಿದ್ದೆವು. ಮಧ್ಯಾಹ್ನವೆಲ್ಲ ಟ್ಯಾಬ್ಲೆಟ್ ಕಾರಿನಲ್ಲೇ ಇತ್ತು. ರಾತ್ರಿ ಬಂದು ತೆಗೆದರೆ ವೈಫೈ ಇಲ್ಲ. ಬಟನ್ನೇ ಇಲ್ಲ, ಏರೋಪ್ಲೇನ್ ಮೋಡ್ ಒಂದೇ ಕಾಣುತ್ತದೆ. ಅದಕ್ಕೆ ಎರಡು ದಿನ ಮೊದಲು ಏನೋ ಅಪ್‌ಡೇಟ್ ಕೂಡ ಆಗಿತ್ತು. ಮನೆಯ ಫೋನುಗಳಿಗೆ ವೈಫೈ ಚೆನ್ನಾಗಿಯೇ ಬರುತ್ತಿದೆ. ಅಂಗಡಿಯವರು ಬೋರ್ಡ್ ಹೋಗಿದೆ, ಬದಲಿಸಬೇಕು ಅಂದರು. ಮಗ ಪೂರ್ತಿ ರಿಸೆಟ್ ಮಾಡಿ ಅಂತಾನೆ. ಯಾವುದು ಸರಿ?

ಉತ್ತರ:

ಮೇಷ್ಟ್ರೇ, ನಮಸ್ಕಾರ.

ಸದ್ಯಕ್ಕೆ ಎರಡೂ ಬೇಡ. ಬೋರ್ಡ್‌ಗೆ ದುಡ್ಡು ಕೊಡಬೇಡಿ, ರಿಸೆಟ್ ಕೂಡ ಮಾಡಬೇಡಿ. ವೈಫೈ ಹಿಡಿಯುವ ಒಳಗಿನ ಚಿಪ್ಪಿಗೆ ವಿಂಡೋಸ್ ಅಡಾಪ್ಟರ್ ಅನ್ನುತ್ತದೆ. ಕಣ್ಣಿಗೆ ಕಾಣದ ವೈಫೈ ಅಡಾಪ್ಟರ್ ಅಂದರೆ ಸತ್ತ ಅಡಾಪ್ಟರ್ ಅಂತಲೇ ಅರ್ಥವಲ್ಲ. ನನ್ನ ಟೇಬಲ್ ಮೇಲೆ ಹೀಗೆ ಬಂದ ಎಷ್ಟೋ ಟ್ಯಾಬ್ಲೆಟ್‌ಗಳು ಒಂದು ಸ್ಕ್ರೂ ಕೂಡ ಬಿಚ್ಚದೆ ಸರಿಹೋಗಿವೆ. ನಿಮ್ಮದೂ ಹಾಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ದುಡ್ಡು ಬೇಡದ, ಏನೂ ಕೆಡದ ಪರೀಕ್ಷೆಗಳನ್ನು ಮೊದಲು ಮುಗಿಸೋಣ. ಯಂತ್ರ ಬಿಚ್ಚುವುದು, ದುಡ್ಡು ಕೊಡುವುದು ಆಮೇಲಿನ ಮಾತು.

ಅದಕ್ಕೂ ಮೊದಲು ಇವತ್ತಿನ ಸಂಜೆ ಪಾಠ ನಿಲ್ಲಬಾರದು, ಅಲ್ವಾ? ನಿಮ್ಮ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಟ್ಯಾಬ್ಲೆಟ್‌ಗೆ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ಅಂತ ಇರುತ್ತದೆ. ಅದರೊಳಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅರ್ಧ ನಿಮಿಷದಲ್ಲಿ ಟ್ಯಾಬ್ಲೆಟ್‌ಗೆ ಇಂಟರ್ನೆಟ್ ಬರುತ್ತದೆ. ಇದಕ್ಕೆ ಬೇಕಾದ ಡ್ರೈವರ್, ಅಂದರೆ ಯಂತ್ರದ ಭಾಗಗಳ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಪುಟ್ಟ ಸಾಫ್ಟ್‌ವೇರ್, ವಿಂಡೋಸ್‌ನಲ್ಲೇ ಇದೆ. ಫೋನು ಮನೆಯ ವೈಫೈಗೆ ಸೇರಿದ್ದರೆ ಅದೇ ವೈಫೈ ಕೇಬಲ್ ಮೂಲಕ ಹರಿದು ಬರುತ್ತದೆ, ನಿಮ್ಮ ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಟ್ಯಾಬ್ಲೆಟ್‌ಗೆ ಇರುವುದು ಒಂದೇ ಕಿಂಡಿಯಾದರೆ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ. ಮುಂದೆ ಡ್ರೈವರ್ ಇಳಿಸಿಕೊಳ್ಳುವಾಗಲೂ ಈ ಕೇಬಲ್ಲೇ ಬೇಕಾಗುತ್ತದೆ.

ಈಗ ರೋಗದ ಕಡೆ ಬರೋಣ.

ವೈಫೈ ಹೋಯಿತು ಅಂತ ಜನ ಎರಡು ಬೇರೆ ಬೇರೆ ವಿಷಯಕ್ಕೆ ಹೇಳುತ್ತಾರೆ. ಒಂದು, ವೈಫೈ ಬಟನ್ ಇದೆ, ಆದರೆ ಮನೆಯ ನೆಟ್‌ವರ್ಕ್ ಹೆಸರು ಕಾಣುವುದಿಲ್ಲ, ಅಥವಾ ಕಂಡರೂ ಸೇರುವುದಿಲ್ಲ. ಅಲ್ಲಿ ರೌಟರ್, ಪಾಸ್‌ವರ್ಡ್, ಸಿಗ್ನಲ್ ಇವುಗಳ ವಿಚಾರಣೆ ಆಗಬೇಕು. ಇನ್ನೊಂದು ನಿಮ್ಮದು. ಇಲ್ಲಿ ಬಟನ್ನೇ ಇಲ್ಲ. ಅಂದರೆ ಟ್ಯಾಬ್ಲೆಟ್ಟಿಗೆ ತನ್ನೊಳಗೆ ಒಂದು ವೈಫೈ ಚಿಪ್ ಇದೆ ಅನ್ನುವುದೇ ತಿಳಿದಿಲ್ಲ. ಇಂಥ ಹೊತ್ತಿನಲ್ಲಿ ರೌಟರ್ ಆಫ್ ಮಾಡಿ ಆನ್ ಮಾಡುವುದು, ವೈಫೈ ಪಾಸ್‌ವರ್ಡ್ ಬದಲಿಸುವುದು ಎಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಫೋನುಗಳಿಗೆ ವೈಫೈ ಬರುತ್ತಿದೆ ಅಂತ ನೀವೇ ಬರೆದಿದ್ದೀರಿ. ರೌಟರನ್ನು ಬಿಟ್ಟುಬಿಡಿ.

ಆಂಟೆನಾ ತಂತಿಯನ್ನೂ ಬಿಟ್ಟುಬಿಡಿ. ಒಳಗಿನ ಆಂಟೆನಾ ತಂತಿ ಕಳಚಿಕೊಂಡಿದೆ, ಬಿಚ್ಚಿ ಹಾಕುತ್ತೇವೆ ಅಂತ ಯಾರಾದರೂ ಹೇಳಬಹುದು. ತಂತಿ ಕಳಚಿದರೆ ಸಿಗ್ನಲ್ ಕ್ಷೀಣವಾಗುತ್ತದೆ, ರೌಟರ್ ಪಕ್ಕದಲ್ಲೇ ಕೂತರೂ ಒಂದೇ ಗೆರೆ ಕಾಣುತ್ತದೆ. ಆದರೆ ಅಡಾಪ್ಟರ್ ಪಟ್ಟಿಯಲ್ಲಿ ಇದ್ದೇ ಇರುತ್ತದೆ.

ನಿಮಗೆ ಹಾಜರಿ ಪುಸ್ತಕದ ಲೆಕ್ಕದಲ್ಲೇ ಹೇಳುತ್ತೇನೆ. ಟ್ಯಾಬ್ಲೆಟ್ ಆನ್ ಆದಾಗ ವಿಂಡೋಸ್ ಒಳಗಿರುವ ಒಂದೊಂದು ಚಿಪ್ಪಿನ ಹಾಜರಿ ಕೂಗುತ್ತದೆ. ಟಚ್ ಇದೆಯಾ? ಇದೆ. ಸೌಂಡ್ ಇದೆಯಾ? ಇದೆ. ವೈಫೈ? ಉತ್ತರವಿಲ್ಲ. ಉತ್ತರ ಬರದಿದ್ದರೆ ವಿಂಡೋಸ್ ಗೈರು ಅಂತ ಗುರುತು ಹಾಕಿ ಬಟನ್ ತೆಗೆದುಬಿಡುತ್ತದೆ. ಹುಡುಗ ಶಾಲೆಗೇ ಬಂದಿಲ್ಲವೋ, ಬೆಂಚಿನ ಮೇಲೆ ನಿದ್ದೆ ಮಾಡುತ್ತಿದ್ದಾನೋ, ಅವನ ಹೆಸರನ್ನೇ ಯಾರೋ ತಪ್ಪಾಗಿ ಬರೆದಿದ್ದಾರೋ, ಅದು ಬರೀ ಗೈರು ಗುರುತಿನಿಂದ ಗೊತ್ತಾಗುವುದಿಲ್ಲ. ಅಂಗಡಿಯವರು ಆ ಗುರುತೊಂದನ್ನು ನೋಡಿ ಬೋರ್ಡ್ ಹೋಗಿದೆ ಅಂದಿರಬಹುದು. ನಾವು ತರಗತಿಯೊಳಗೆ ಹೋಗಿ ನೋಡಬೇಕು.

ಮೊದಲ ಸುಳಿವು ಬ್ಲೂಟೂತ್. ಈಗಿನ ಟ್ಯಾಬ್ಲೆಟ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಸಾಮಾನ್ಯವಾಗಿ ಒಂದೇ ಚಿಪ್‌ನಲ್ಲಿ ಇರುತ್ತವೆ, ಆದರೆ ಪ್ರೊಸೆಸರ್ ಜೊತೆ ಮಾತಾಡುವ ದಾರಿ ಬೇರೆ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಇದೆಯಾ ನೋಡಿ. ಇದ್ದು, ಇಯರ್‌ಫೋನ್ ಜೋಡಿಸಿದರೆ ಕೆಲಸ ಮಾಡಿದರೆ, ಚಿಪ್‌ಗೆ ಕರೆಂಟ್ ಹೋಗುತ್ತಿದೆ, ಅದು ಜೀವಂತ ಇದೆ. ಆಗ ಡ್ರೈವರ್ ಮೇಲೆ ಅನುಮಾನ ಜಾಸ್ತಿ. ಬ್ಲೂಟೂತ್ ಕೂಡ ಮಾಯವಾಗಿದ್ದರೆ ಇಡೀ ಚಿಪ್ ಹ್ಯಾಂಗ್ ಆಗಿದೆ, ಅಥವಾ ಅದಕ್ಕೆ ಕರೆಂಟ್ ತಲುಪುತ್ತಿಲ್ಲ. ಒಂದು ನಿಮಿಷದ ಪರೀಕ್ಷೆ ಇದು. ದಯವಿಟ್ಟು ಬಿಡಬೇಡಿ.

ಎರಡನೆಯದು ಬ್ಯಾಟರಿ. ಇದು ವೈಫೈಗಿಂತ ದೊಡ್ಡ ವಿಷಯ, ಅದಕ್ಕೇ ಮಧ್ಯದಲ್ಲಿ ತರುತ್ತಿದ್ದೇನೆ. ಬೇಸಿಗೆಯಲ್ಲಿ ಚಿತ್ರದುರ್ಗದ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಊರ ಸುತ್ತ ಕಲ್ಲುಗುಡ್ಡ, ಸಂಜೆಯಾದರೂ ಆ ಬಂಡೆಗಳು ಕಾವು ಬಿಡುತ್ತಿರುತ್ತವೆ. ಗಾಜು ಏರಿಸಿದ ಕಾರಿನೊಳಗೆ ಹೊರಗಿಗಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಹೆಚ್ಚಿನ ಟ್ಯಾಬ್ಲೆಟ್‌ಗಳ ಕೈಪಿಡಿಯಲ್ಲಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಜಾಗದಲ್ಲಿ ಬಳಸಬೇಡಿ ಅಂತ ಬರೆದಿರುತ್ತಾರೆ. ಆದ್ದರಿಂದ ಟ್ಯಾಬ್ಲೆಟನ್ನು ಸಮನಾದ ಮೇಜಿನ ಮೇಲೆ ಅಂಗಾತ ಇಡಿ. ಬೆನ್ನು ಉಬ್ಬಿ ಆ ಕಡೆ ಈ ಕಡೆ ಅಲ್ಲಾಡುತ್ತದಾ? ಪರದೆಯ ಅಂಚು ಎಲ್ಲಾದರೂ ಮೇಲೆದ್ದಿದೆಯಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿದೆ. ಆಗ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಮುಂದೆ ನಾನು ಹೇಳುವ ಯಾವುದನ್ನೂ ಮಾಡಬೇಡಿ. ಆಫ್ ಮಾಡಿ, ಹಾಸಿಗೆ, ಪರದೆ, ಕಾಗದ ಇಲ್ಲದ ಕಡೆ ಇಟ್ಟು ಸರ್ವಿಸ್‌ಗೆ ಕೊಡಿ. ಊದಿದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಲ್ಲದು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರ ಕೈಗೆ ಸಿಗದ ಹಾಗೆ ಇಡಿ.

ಬ್ಯಾಟರಿ ಚೆನ್ನಾಗಿದೆಯಾ? ಒಳ್ಳೆಯದು. ಈಗ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಮದ್ದಿಗೆ ಬರುತ್ತೇನೆ.

ಟ್ಯಾಬ್ಲೆಟನ್ನು ಎಷ್ಟೋ ಸಲ ಆಫ್ ಮಾಡಿ ಆನ್ ಮಾಡಿದೆ ಅಂತ ನೀವು ಹೇಳಬಹುದು. ಆದರೆ ವಿಂಡೋಸ್ 8 ಬಂದ 2012ರಿಂದ ಫಾಸ್ಟ್ ಸ್ಟಾರ್ಟಪ್ ಅನ್ನುವ ಒಂದು ಏರ್ಪಾಟು ಇದೆ. ಶಟ್ ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ನಿನ್ನೆಯ ತಪ್ಪು ಇದ್ದರೆ ಅದೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ವಿಂಡೋಸ್ ಮೊದಲಿನಿಂದ ಶುರುವಾಗುತ್ತದೆ. ಅಂದರೆ ಶಟ್ ಡೌನ್‌ಗಿಂತ ರೀಸ್ಟಾರ್ಟ್ ಗಟ್ಟಿ. ಕೇಳಲು ತಿರುಗುಮುರುಗು ಅನ್ನಿಸಿದರೂ ಇರುವುದು ಹಾಗೇ.

ಆದರೆ ರೀಸ್ಟಾರ್ಟ್ ಕೂಡ ಸಾಲದ ಸಂದರ್ಭ ಇದೆ. ವೈಫೈ ಚಿಪ್‌ನೊಳಗೆ ಅದರದೇ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ, ಅದಕ್ಕೆ ಅದರದೇ ಸಾಫ್ಟ್‌ವೇರ್ ಇರುತ್ತದೆ. ಅದು ಹ್ಯಾಂಗ್ ಆದರೆ ವಿಂಡೋಸ್ ಎಷ್ಟು ಕೂಗಿದರೂ ಓಗೊಡುವುದಿಲ್ಲ. ಹ್ಯಾಂಗ್ ಬಿಡಿಸಬೇಕಾದರೆ ಆ ಚಿಪ್‌ಗೆ ಹೋಗುವ ಕರೆಂಟ್ ಪೂರ್ತಿ ನಿಲ್ಲಬೇಕು. ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಬ್ಯಾಟರಿ ಕಳಚಿ ಹಾಕುತ್ತಿದ್ದೆವು. ಟ್ಯಾಬ್ಲೆಟ್‌ನಲ್ಲಿ ಬ್ಯಾಟರಿ ಒಳಗೆ ಅಂಟಿಕೊಂಡಿರುತ್ತದೆ. ರೀಸ್ಟಾರ್ಟ್ ಆದರೂ ಬೋರ್ಡಿನ ಕೆಲವು ಭಾಗಕ್ಕೆ ಕರೆಂಟ್ ಹರಿಯುತ್ತಲೇ ಇರುತ್ತದೆ.

ಅದಕ್ಕೆ ಹೀಗೆ ಮಾಡಿ. ಚಾರ್ಜರ್, ಕೀಬೋರ್ಡ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲ ತೆಗೆಯಿರಿ. ಟ್ಯಾಬ್ಲೆಟ್ ತಣ್ಣಗಿರಲಿ. ಪವರ್ ಬಟನ್ ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿ. ಮಧ್ಯದಲ್ಲಿ ಪರದೆ ಬೆಳಗಿ ಕಂಪನಿಯ ಗುರುತು ಬಂದರೂ ಕೈ ತೆಗೆಯಬೇಡಿ. ಕೆಲವು ಮಾದರಿಗಳಲ್ಲಿ ಇದಾದ ಮೇಲೆ ವಾಲ್ಯೂಮ್ ಜಾಸ್ತಿ ಮಾಡುವ ಬಟನ್ ಮತ್ತು ಪವರ್ ಬಟನ್ ಎರಡನ್ನೂ ಒಟ್ಟಿಗೆ 15 ಸೆಕೆಂಡ್ ಹಿಡಿಯಬೇಕಾಗುತ್ತದೆ. ಬಿಟ್ಟು ಹತ್ತು ಸೆಕೆಂಡ್ ಸುಮ್ನೆ ಇರಿ. ಆಮೇಲೆ ಆನ್ ಮಾಡಿ ನೋಡಿ.

ಬರಲಿಲ್ಲ ಅಂದರೆ ಇನ್ನೊಂದು ಹೆಜ್ಜೆ ಇದೆ. ಟ್ಯಾಬ್ಲೆಟನ್ನು ಆನ್ ಇಟ್ಟು, ಚಾರ್ಜ್ ಹಾಕದೆ, ಬ್ಯಾಟರಿ ತಾನಾಗಿಯೇ ಪೂರ್ತಿ ಖಾಲಿಯಾಗಿ ಆರಿಹೋಗಲು ಬಿಡಿ. ರಾತ್ರಿಯೆಲ್ಲ ಹಾಗೇ ಬಿದ್ದಿರಲಿ. ಬೆಳಿಗ್ಗೆ ಚಾರ್ಜ್ ಹಾಕಿ, ಅರ್ಧದಷ್ಟಾದರೂ ತುಂಬಿದ ಮೇಲೆ ಆನ್ ಮಾಡಿ. ಬ್ಯಾಟರಿಯನ್ನು ಮತ್ತೆ ಮತ್ತೆ ಸೊನ್ನೆಗೆ ಇಳಿಸುವುದು ಅದಕ್ಕೆ ಒಳ್ಳೆಯದಲ್ಲ. ಹೀಗೆ ಒಂದು ಸಲಕ್ಕೆ ಏನೂ ಆಗುವುದಿಲ್ಲ.

ಈ ಮದ್ದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷದ ಹಿಂದೆ ಹರಿಹರದಿಂದ ಒಬ್ಬರು ಸಣ್ಣ ವಿಂಡೋಸ್ ಟ್ಯಾಬ್ಲೆಟ್ ತಂದಿದ್ದರು. ಇದೇ ತೊಂದರೆ, ವೈಫೈ ಬಟನ್ ಇಲ್ಲ. ನಾನು ಅವಸರಪಟ್ಟು ಅದರಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಆಮೇಲೆ ನೋಡಿದರೆ ಟಚ್ ಇಲ್ಲ, ಸೌಂಡ್ ಇಲ್ಲ, ಪರದೆ ಅಡ್ಡಡ್ಡ ತಿರುಗಿ ನಿಂತಿದೆ. ವೈಫೈ ಮೊದಲಿನ ಹಾಗೇ ಇಲ್ಲ. ಅಂಥ ಟ್ಯಾಬ್ಲೆಟ್‌ಗಳ ಟಚ್, ಸೌಂಡ್, ತಿರುಗುವ ಸೆನ್ಸರ್ ಎಲ್ಲಕ್ಕೂ ಆ ಮಾದರಿಗೇ ಮಾಡಿದ ಡ್ರೈವರ್ ಬೇಕು. ಮೈಕ್ರೋಸಾಫ್ಟ್ ಕೊಡುವ ಖಾಲಿ ವಿಂಡೋಸ್‌ನಲ್ಲಿ ಅವು ಎಷ್ಟೋ ಸಲ ಇರುವುದಿಲ್ಲ. ಒಂದೊಂದೇ ಹುಡುಕಿ ಹಾಕಲು ಮೂರು ದಿನ ಹಿಡಿಯಿತು. ಎಲ್ಲ ಹಾಕಿದ ಮೇಲೂ ವೈಫೈ ಬರಲಿಲ್ಲ. ಸೋತು ಪಕ್ಕಕ್ಕಿಟ್ಟೆ. ಬ್ಯಾಟರಿ ಖಾಲಿಯಾಗಿ ಎರಡು ದಿನ ಹಾಗೇ ಬಿದ್ದಿತ್ತು. ವಾಪಸ್ ಕೊಡೋಣ ಅಂತ ಚಾರ್ಜ್ ಹಾಕಿ ಆನ್ ಮಾಡಿದರೆ ವೈಫೈ ಪಟ್ಟಿ ಕಣ್ಣೆದುರಿಗೆ ಬಂತು. ಸಂತೋಷಕ್ಕಿಂತ ನೋವೇ ಹೆಚ್ಚಾಯಿತು. ಮೊದಲ ದಿನವೇ ಬ್ಯಾಟರಿ ಖಾಲಿ ಮಾಡಿ ನೋಡಿದ್ದರೆ ಅವರ ಸಾಫ್ಟ್‌ವೇರ್, ಸೆಟ್ಟಿಂಗ್ಸ್ ಏನೂ ಹೋಗುತ್ತಿರಲಿಲ್ಲ. ಅದಕ್ಕೇ ನಿಮ್ಮ ಮಗನ ರಿಸೆಟ್ ಮಾತನ್ನು ನಾನು ಇಷ್ಟು ಗಟ್ಟಿಯಾಗಿ ತಡೆಯುತ್ತಿರುವುದು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವುದು ಬೇಡ.

ಕರೆಂಟ್ ಬಿಡಿಸಿದ ಮೇಲೂ ಬರಲಿಲ್ಲವಾ? ಹಾಜರಿ ಪುಸ್ತಕ ತೆರೆಯೋಣ. ಸ್ಟಾರ್ಟ್ ಬಟನ್ ಮೇಲೆ ಬೆರಳು ಒತ್ತಿ ಹಿಡಿದರೆ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಡಿವೈಸ್ ಮ್ಯಾನೇಜರ್ ಆರಿಸಿ. ಮೇಲೆ ವ್ಯೂ ಅಂತ ಇದೆ, ಅದರೊಳಗೆ ಶೋ ಹಿಡನ್ ಡಿವೈಸಸ್ ಒತ್ತಿ. ಈಗ ನೆಟ್‌ವರ್ಕ್ ಅಡಾಪ್ಟರ್ಸ್ ಬಿಚ್ಚಿ ನೋಡಿ.

ಅಲ್ಲಿ ವೈಫೈ ಅಥವಾ ವೈರ್‌ಲೆಸ್ ಅಂತ ಹೆಸರಿರುವ ಸಾಲು ಇದ್ದರೆ ಅದರ ಮೇಲೆ ಎರಡು ಸಲ ತಟ್ಟಿ. ಡಿವೈಸ್ ಸ್ಟೇಟಸ್ ಅನ್ನುವ ಪೆಟ್ಟಿಗೆಯಲ್ಲಿ ಒಂದು ಕೋಡ್ ನಂಬರ್ ಇರುತ್ತದೆ. ಅದೇ ನಮಗೆ ಬೇಕಾದದ್ದು. ಕೋಡ್ 22 ಅಂದರೆ ಯಾರೋ ಅಥವಾ ಯಾವುದೋ ಸಾಫ್ಟ್‌ವೇರ್ ಅದನ್ನು ಡಿಸೇಬಲ್ ಮಾಡಿದೆ. ಎನೇಬಲ್ ಒತ್ತಿದರೆ ಕತೆ ಮುಗಿಯಿತು. ಕೋಡ್ 28 ಅಂದರೆ ಚಿಪ್ ಕಾಣುತ್ತಿದೆ, ಡ್ರೈವರ್ ಇಲ್ಲ. ಕೋಡ್ 10 ಅಂದರೆ ಡ್ರೈವರ್ ಇದೆ, ಆದರೆ ಚಿಪ್ಪನ್ನು ಶುರು ಮಾಡಲು ಆಗುತ್ತಿಲ್ಲ. ನಿಮ್ಮ ಹಾಗೆ ಅಪ್‌ಡೇಟ್ ಆದ ಮೇಲೆ ಇದು ಬಂದರೆ ನಾನು ಮೊದಲು ಹೊಸ ಡ್ರೈವರನ್ನೇ ಅನುಮಾನಿಸುತ್ತೇನೆ. ಕೋಡ್ 43 ಅಂದರೆ ಚಿಪ್ಪೇ ತನಗೆ ತೊಂದರೆ ಇದೆ ಅಂತ ಹೇಳಿ ನಿಂತಿದೆ. ಇದು ಹ್ಯಾಂಗ್ ಇರಬಹುದು, ನಿಜವಾದ ಪೆಟ್ಟೂ ಇರಬಹುದು. ಇನ್ನು ಮಸುಕಾಗಿ, ತೆಳ್ಳಗೆ ಕಾಣುವ ಸಾಲಿಗೆ ಕೋಡ್ 45 ಇರುತ್ತದೆ. ಹೆಸರು ಪುಸ್ತಕದಲ್ಲಿದೆ, ಹುಡುಗ ತರಗತಿಯಲ್ಲಿಲ್ಲ ಅಂತ ಅದರ ಅರ್ಥ. ಹಿಂದೆ ಇತ್ತು, ಈಗ ಕೂಗಿದರೆ ಓಗೊಡುತ್ತಿಲ್ಲ.

ನೆಟ್‌ವರ್ಕ್ ಅಡಾಪ್ಟರ್ಸ್ ಒಳಗೆ ಏನೂ ಇಲ್ಲದಿದ್ದರೆ ಅಷ್ಟಕ್ಕೇ ಮುಚ್ಚಬೇಡಿ. ಅದರ್ ಡಿವೈಸಸ್ ಅಂತ ಇನ್ನೊಂದು ಗುಂಪು ಇರಬಹುದು. ಅಲ್ಲಿ ಹಳದಿ ತ್ರಿಕೋನ ಹೊತ್ತ ಅನಾಮಧೇಯ ಸಾಲು ಇದ್ದರೆ ಅದನ್ನು ತೆರೆದು, ಡೀಟೇಲ್ಸ್‌ಗೆ ಹೋಗಿ, ಹಾರ್ಡ್‌ವೇರ್ ಐಡಿ ಆರಿಸಿ. ಒಂದು ಉದ್ದನೆಯ ಸಾಲು ಬರುತ್ತದೆ. ಅದರಲ್ಲಿ ವಿಇಎನ್ ಅನ್ನುವ ಮೂರಕ್ಷರದ ಪಕ್ಕದ ನಾಲ್ಕು ಗುರುತು ನೋಡಿ. 8086 ಇದ್ದರೆ ಇಂಟೆಲ್. ಇಂಟೆಲ್ 1978ರಲ್ಲಿ ತಂದ ಹೆಸರಾಂತ ಪ್ರೊಸೆಸರಿನ ನಂಬರ್ ಕೂಡ ಅದೇ, ನೆನಪಿಟ್ಟುಕೊಳ್ಳಲು ಸುಲಭ. 14ಇ4 ಇದ್ದರೆ ಬ್ರಾಡ್‌ಕಾಮ್, 10ಇಸಿ ಇದ್ದರೆ ರಿಯಲ್‌ಟೆಕ್, 168ಸಿ ಇದ್ದರೆ ಕ್ವಾಲ್‌ಕಾಮ್ ಅಥೆರಾಸ್, 14ಸಿ3 ಇದ್ದರೆ ಮೀಡಿಯಾಟೆಕ್. ಇಂಟೆಲ್ ಬೇರೆ ಬೇರೆ ಥರದ ಚಿಪ್‌ಗಳನ್ನು ಮಾಡುತ್ತದೆ, ಆದ್ದರಿಂದ 8086 ಕಂಡ ಮಾತ್ರಕ್ಕೆ ಅದು ವೈಫೈ ಅಂತ ತೀರ್ಮಾನಿಸಬೇಡಿ. ಸಾಲನ್ನು ಪೂರ್ತಿ ಬರೆದುಕೊಳ್ಳಿ.

ಇನ್ನೊಂದು ಜಾಗ ಇದೆ. ರಿಪೇರಿ ಮಾಡುವವರೂ ಇದನ್ನು ಎಷ್ಟೋ ಸಲ ನೋಡುವುದಿಲ್ಲ. ಕಡಿಮೆ ಬೆಲೆಯ ಟ್ಯಾಬ್ಲೆಟ್‌ಗಳಲ್ಲಿ ವೈಫೈ ಚಿಪ್ ಎಸ್‌ಡಿಐಒ ಅನ್ನುವ ದಾರಿಯಲ್ಲಿ ಜೋಡಿಸಿರುತ್ತಾರೆ, ಅಂದರೆ ಮೆಮೊರಿ ಕಾರ್ಡ್ ಮಾತಾಡುವ ಥರದ ದಾರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಎಸ್‌ಡಿ ಹೋಸ್ಟ್ ಅಡಾಪ್ಟರ್ಸ್ ಅನ್ನುವ ಗುಂಪಿನಲ್ಲಿ ಹಳದಿ ಗುರುತು ಇದೆಯಾ ನೋಡಿ. ಬೆಂಚೇ ಮುರಿದುಬಿದ್ದರೆ ಹುಡುಗ ಕೂರುವುದೆಲ್ಲಿ? ಆ ಹೋಸ್ಟ್ ಕೆಟ್ಟಿದ್ದರೆ ವೈಫೈ ಡ್ರೈವರ್ ನೂರು ಸಲ ಹಾಕಿದರೂ ಪ್ರಯೋಜನ ಇಲ್ಲ. ಮೊದಲು ಚಿಪ್‌ಸೆಟ್ ಡ್ರೈವರ್, ಅಂದರೆ ಬೋರ್ಡಿನ ಇಂಥ ದಾರಿಗಳನ್ನು ನಡೆಸುವ ಡ್ರೈವರ್ ಹಾಕಬೇಕು, ಆಮೇಲೆ ವೈಫೈದು.

ಈಗ ಡ್ರೈವರ್ ಕೆಲಸ. ಅಪ್‌ಡೇಟ್ ಆದ ಮೇಲೆ ತೊಂದರೆ ಬಂದಿದ್ದರೆ ಹಿಂದಕ್ಕೆ ಹೋಗುವುದು ಸುಲಭ. ಅಡಾಪ್ಟರ್ ಸಾಲಿನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಅಂತ ಇದೆ. ಅದು ಒತ್ತಲು ಬರುವಂತಿದ್ದರೆ ಒತ್ತಿ. ಮಸುಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಅಂತ. ಆಗ ವಿಂಡೋಸನ್ನು ಹಿಂದಿನ ತಾರೀಕಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್ ನೋಡಿ, ಅಪ್‌ಡೇಟ್‌ಗಿಂತ ಹಿಂದಿನ ತಾರೀಕು ಪಟ್ಟಿಯಲ್ಲಿದ್ದರೆ ನಿಮ್ಮ ಅದೃಷ್ಟ. ಇದರಿಂದ ನಿಮ್ಮ ಪಾಠದ ಫೈಲುಗಳು ಅಳಿಯುವುದಿಲ್ಲ, ಆ ತಾರೀಕಿನ ನಂತರ ಹಾಕಿಕೊಂಡ ಸಾಫ್ಟ್‌ವೇರ್ ಮಾತ್ರ ಹೋಗುತ್ತದೆ.

ಅದೂ ಇಲ್ಲದಿದ್ದರೆ ಅಡಾಪ್ಟರನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಹುಷಾರಾಗಿ ನೋಡಿ, ಅನ್‌ಇನ್‌ಸ್ಟಾಲ್ ಒತ್ತಿದಾಗ ಡ್ರೈವರನ್ನೂ ಅಳಿಸಲಾ ಅಂತ ಒಂದು ಚೌಕ ಬರುತ್ತದೆ. ಬೇರೆ ಡ್ರೈವರ್ ಕೈಯಲ್ಲಿ ಇಲ್ಲದೆ ಅದಕ್ಕೆ ಟಿಕ್ ಹಾಕಬೇಡಿ. ಹೊಸ ಡ್ರೈವರ್ ಬೇಕಾದರೆ ಟ್ಯಾಬ್ಲೆಟ್ ಬೆನ್ನಿನ ಮೇಲಿರುವ ಮಾಡೆಲ್ ನಂಬರ್ ಹಿಡಿದು, ತಯಾರಿಸಿದ ಕಂಪನಿಯ ಸಪೋರ್ಟ್ ಪುಟದಿಂದಲೇ ಇಳಿಸಿಕೊಳ್ಳಿ. ನಿಮ್ಮ ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್‌ನಲ್ಲಿ ಸರಿ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಬೇಡಿ. ತಪ್ಪು ಡ್ರೈವರ್ ಹಾಕಿಸಿಕೊಂಡು ಟಚ್ ಕೂಡ ಕಳಕೊಂಡು ಬಂದವರನ್ನು ನೋಡಿದ್ದೇನೆ.

ನೆಟ್‌ವರ್ಕ್ ರಿಸೆಟ್ ಅಂತ ಸೆಟ್ಟಿಂಗ್ಸ್‌ನಲ್ಲಿ ಒಂದಿದೆ. ಇದು ನಿಮ್ಮ ಮಗ ಹೇಳಿದ ರಿಸೆಟ್ ಅಲ್ಲ, ಫೈಲುಗಳನ್ನು ಮುಟ್ಟುವುದಿಲ್ಲ. ನೆಟ್‌ವರ್ಕ್ ಅಡಾಪ್ಟರ್‌ಗಳನ್ನು ತೆಗೆದು ಮತ್ತೆ ಹಾಕುತ್ತದೆ, ವೈಫೈ ಪಾಸ್‌ವರ್ಡ್‌ಗಳು ಮರೆತುಹೋಗುತ್ತವೆ. ಮಾಡಬಹುದು. ಆದರೆ ಚಿಪ್ಪೇ ಓಗೊಡದಿದ್ದಾಗ ಇದರಿಂದ ಹೆಚ್ಚೇನೂ ಆಗುವುದಿಲ್ಲ.

ವೈಫೈ ಒಮ್ಮೆ ಮರಳಿ ಬಂತು ಅನ್ನಿ, ಮತ್ತೆ ಹೋಗದಂತೆ ಒಂದು ಕೆಲಸ ಮಾಡಿ. ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಅರ್ಥದ ಸಾಲಿನ ಟಿಕ್ ತೆಗೆಯಿರಿ. ಟ್ಯಾಬ್ಲೆಟ್ ಮಲಗಿ ಎದ್ದಾಗ ಚಿಪ್ ಏಳದೇ ಉಳಿಯುವುದು ಇದರಿಂದ ಎಷ್ಟೋ ಕಡಿಮೆಯಾಗುತ್ತದೆ. ಕೆಲವು ಟ್ಯಾಬ್ಲೆಟ್‌ಗಳಲ್ಲಿ ಆ ಪುಟವೇ ಇರುವುದಿಲ್ಲ, ಗಾಬರಿ ಬೇಡ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಅದನ್ನೂ ತೆಗೆದುಬಿಡಿ. ಟ್ಯಾಬ್ಲೆಟ್ ಏಳಲು ಕೆಲವು ಸೆಕೆಂಡ್ ಜಾಸ್ತಿ ಆಗುತ್ತದೆ, ಅಷ್ಟೇ.

ಇಷ್ಟಾದರೂ ಇಲ್ಲವೆಂದರೆ ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಏಳುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್. ಈಗಿನ ಯಂತ್ರಗಳಲ್ಲಿ ಅದರ ಹೆಸರು ಯುಇಎಫ್‌ಐ. ಇಲ್ಲಿ ಮಾತ್ರ ನನ್ನ ಮಾತು ನಿಧಾನವಾಗಿ ಓದಿ. ಬಯಾಸ್ ಮುಟ್ಟುವ ಮೊದಲು ನಿಮ್ಮ ಟ್ಯಾಬ್ಲೆಟ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಫೈಲುಗಳಿಗೆ ಬೀಗ ಹಾಕುವ ಏರ್ಪಾಟು) ಆನ್ ಇದೆಯಾ ನೋಡಿ. ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದ ಟ್ಯಾಬ್ಲೆಟ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರಬಹುದು. ಬಯಾಸ್‌ನಲ್ಲಿ ಏನಾದರೂ ಬದಲಾದರೆ ಮುಂದಿನ ಸಲ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ನಿಮ್ಮ ಫೈಲುಗಳು ನಿಮಗೇ ಸಿಗುವುದಿಲ್ಲ. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಲೆಕ್ಕದ ನೋಟ್ಸ್ ಕೂಡ ಪೆನ್‌ಡ್ರೈವ್‌ಗೆ ಹಾಕಿಡಿ. ಆಮೇಲೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಅಡ್ವಾನ್ಸ್‌ಡ್ ಸ್ಟಾರ್ಟಪ್‌ಗೆ ಹೋಗಿ, ಯುಇಎಫ್‌ಐ ಸೆಟ್ಟಿಂಗ್ಸ್ ತೆರೆಯಿರಿ. ವೈರ್‌ಲೆಸ್ ಅಥವಾ ಡಬ್ಲ್ಯುಲ್ಯಾನ್ ಅನ್ನುವ ಸಾಲು ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ. ಬೇರೆ ಯಾವುದನ್ನೂ ಮುಟ್ಟಬೇಡಿ. ಅಂಥ ಸಾಲೇ ಇಲ್ಲದಿದ್ದರೆ ಹಾಗೇ ಹೊರಗೆ ಬನ್ನಿ.

ಎಲ್ಲ ಮುಗಿದು ರಿಸೆಟ್ ಒಂದೇ ಉಳಿಯಿತು ಅನ್ನುವ ಹಂತ ಬಂದರೂ, ಮೊದಲು ಇರುವ ಡ್ರೈವರ್‌ಗಳನ್ನು ಕಾಪಾಡಿಕೊಳ್ಳಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್ 32, ಅದರೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪಾಸಿಟರಿ ಅಂತ ಒಂದು ಫೋಲ್ಡರ್ ಇದೆ. ಅದನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ನಾಳೆ ಟಚ್ಚೋ ಸೌಂಡೋ ಹೋದರೆ ಡಿವೈಸ್ ಮ್ಯಾನೇಜರ್‌ಗೆ ಈ ಫೋಲ್ಡರ್ ತೋರಿಸಿದರೆ ಸಾಕು, ತನಗೆ ಬೇಕಾದದ್ದನ್ನು ಅದೇ ಹುಡುಕಿಕೊಳ್ಳುತ್ತದೆ. ಹರಿಹರದ ಆ ಟ್ಯಾಬ್ಲೆಟ್ ಮುಟ್ಟುವಾಗ ಇದು ನನಗೆ ಗೊತ್ತಿರಲಿಲ್ಲ.

ಹಾಗಾದರೆ ಬೋರ್ಡ್ ನಿಜಕ್ಕೂ ಹೋಗಿರುವುದು ಯಾವಾಗ? ಬ್ಯಾಟರಿ ಖಾಲಿ ಮಾಡಿದ ಮೇಲೂ ವೈಫೈ, ಬ್ಲೂಟೂತ್ ಎರಡೂ ಇಲ್ಲ, ಕೋಡ್ 45ರ ಮಸುಕು ಸಾಲು ಬಿಟ್ಟರೆ ಬೇರೆ ಗುರುತಿಲ್ಲ, ಬೆಂಚಿನಲ್ಲೂ (ಆ ಎಸ್‌ಡಿ ಹೋಸ್ಟ್‌ನಲ್ಲೂ) ತೊಂದರೆ ಕಾಣುವುದಿಲ್ಲ ಅಂದರೆ ಚಿಪ್ ಅಥವಾ ಅದರ ಬೆಸುಗೆ ಹೋಗಿರುವ ಸಾಧ್ಯತೆ ದೊಡ್ಡದು. ಬೆಳಿಗ್ಗೆ ತಣ್ಣಗಿದ್ದಾಗ ವೈಫೈ ಕಾಣುತ್ತದೆ, ಅರ್ಧ ಗಂಟೆ ಪಾಠ ಮಾಡಿ ಬಿಸಿಯಾದ ಮೇಲೆ ಮಾಯವಾಗುತ್ತದೆ ಅಂದರೂ ಅದು ಬೆಸುಗೆ ಬಿಟ್ಟ ಲಕ್ಷಣ. ಕಾರಿನ ಬಿಸಿ ಅಂಥ ಸೂಕ್ಷ್ಮ ಬಿರುಕನ್ನು ದೊಡ್ಡದು ಮಾಡಿರಬಹುದು.

ಆಗಲೂ ಬೋರ್ಡ್‌ಗೆ ಒಪ್ಪುವ ಮೊದಲು ಅಂಗಡಿಯವರನ್ನು ಎರಡು ಮಾತು ಕೇಳಿ. ವೈಫೈ ಬೇರೆ ಕಾರ್ಡಾಗಿ ಕೂತಿದೆಯಾ, ಬೋರ್ಡಿಗೇ ಬೆಸೆದಿದೆಯಾ? ಎಂ.2 ಅನ್ನುವ ಪುಟ್ಟ ಕಾರ್ಡಾಗಿದ್ದರೆ ಅದೊಂದನ್ನೇ ಬದಲಿಸಬಹುದು, ಇಡೀ ಬೋರ್ಡ್ ಬೇಡ. ಬೆಸೆದಿದ್ದರೆ ಎರಡನೇ ಮಾತು. ನನ್ನ ಫೈಲುಗಳು ಎಲ್ಲಿವೆ? ಬಹಳಷ್ಟು ಟ್ಯಾಬ್ಲೆಟ್‌ಗಳಲ್ಲಿ ಸ್ಟೋರೇಜ್ ಕೂಡ ಅದೇ ಬೋರ್ಡಿಗೆ ಬೆಸೆದಿರುತ್ತದೆ. ಬೋರ್ಡ್ ಬದಲಿಸಿದರೆ ನಿಮ್ಮ ವರ್ಷಗಳ ಪಾಠ, ಪ್ರಶ್ನೆಪತ್ರಿಕೆ, ಫೋಟೊ ಎಲ್ಲ ಹಳೇ ಬೋರ್ಡಿನ ಜೊತೆ ಹೋಗುತ್ತವೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾವೇ ಕೇಳಬೇಕು.

ನಿಜ ಹೇಳಬೇಕೆಂದರೆ, ನಾಲ್ಕು ವರ್ಷದ ಟ್ಯಾಬ್ಲೆಟ್‌ಗೆ ಬೋರ್ಡ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಕೆಲವೇ ನೂರು ರೂಪಾಯಿಗೆ ಉಗುರಿನಷ್ಟು ದೊಡ್ಡ ಯುಎಸ್‌ಬಿ ವೈಫೈ ಡಾಂಗಲ್ ಸಿಗುತ್ತದೆ. ಡಬ್ಬಿಯ ಮೇಲೆ ನಿಮ್ಮ ವಿಂಡೋಸ್ ನಂಬರ್ ಇದೆಯಾ ನೋಡಿ. ನಿಮ್ಮ ಟ್ಯಾಬ್ಲೆಟ್‌ಗೆ ದೊಡ್ಡ ಯುಎಸ್‌ಬಿ ಕಿಂಡಿ ಇಲ್ಲದಿದ್ದರೆ ಜೊತೆಗೆ ಸಣ್ಣ ಕಿಂಡಿಗೆ ದೊಡ್ಡ ಯುಎಸ್‌ಬಿ ಜೋಡಿಸುವ ಒಂದು ಓಟಿಜಿ ಕನೆಕ್ಟರ್ ಬೇಕು. ಇರುವ ಒಂದೇ ಕಿಂಡಿಯಲ್ಲಿ ಚಾರ್ಜಿಂಗ್ ಕೂಡ ಆಗಬೇಕಾದರೆ, ಚಾರ್ಜ್ ಹಾಯಿಸುವ ಟೈಪ್ ಸಿ ಹಬ್ ತಗೊಳ್ಳಿ. ಆದರೆ ಕೊಳ್ಳುವ ಮೊದಲು ಅಂಗಡಿಯಲ್ಲೇ ಜೋಡಿಸಿ ನೋಡಿ, ಎಲ್ಲ ಟ್ಯಾಬ್ಲೆಟ್‌ಗೂ ಎಲ್ಲ ಹಬ್ ಒಗ್ಗುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ಟ್ಯಾಬ್ಲೆಟ್‌ನಲ್ಲಿ ಇರುವುದು ವಿಂಡೋಸ್ 10 ಆದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೋರ್ಡ್‌ಗೆ ಹಾಕುವ ದುಡ್ಡಿನ ಲೆಕ್ಕ ಮಾಡುವಾಗ ಅದನ್ನೂ ಸೇರಿಸಿಕೊಳ್ಳಿ.

ಇವತ್ತು ರಾತ್ರಿ ಪಾಠ ಮುಗಿದ ಮೇಲೆ ಮೂವತ್ತು ಸೆಕೆಂಡಿನ ಪ್ರಯೋಗ ಮಾಡಿ. ಆಗಲಿಲ್ಲ ಅಂದರೆ ಬ್ಯಾಟರಿ ಖಾಲಿಯಾಗಲು ಬಿಡಿ. ಅದೂ ಆಗಲಿಲ್ಲ ಅಂದರೆ ಮೂರು ವಿಷಯ ಬರೆದು ಕಳಿಸಿ: ಬ್ಲೂಟೂತ್ ಇದೆಯೋ ಇಲ್ಲವೋ, ಡಿವೈಸ್ ಮ್ಯಾನೇಜರ್‌ನಲ್ಲಿ ಕಂಡ ಕೋಡ್ ಎಷ್ಟು, ಹಾರ್ಡ್‌ವೇರ್ ಐಡಿ ಸಾಲು ಏನು. ಮಾಡೆಲ್ ನಂಬರ್ ಕೂಡ ಇರಲಿ. ನಿಮ್ಮ ಟ್ಯಾಬ್ಲೆಟ್‌ಗೆ ಸರಿಯಾದ ಡ್ರೈವರ್ ಯಾವುದು, ಯಾವುದರ ನಂತರ ಯಾವುದನ್ನು ಹಾಕಬೇಕು ಅಂತ ನೋಡಿ ಹೇಳುತ್ತೇನೆ.